ಧಾರೆಗೆ ರೀಟೇಕ್ ಇಲ್ಲ

ಮದುವೆಮನೆಯಲ್ಲಿ ಫೋಟೋ ತೆಗೆಯುವವನು ಊಟಕ್ಕೆ ಕೂರಬೇಕಾದದ್ದು ಮೊದಲ ಪಂಕ್ತಿಯಲ್ಲಿ. ಇದು ನನ್ನ ಮೊದಲ ಉಪದೇಶ. ಕೊನೆಯ ಪಂಕ್ತಿಗೆ ಕಾದರೆ ಹೋಳಿಗೆ ಮುಗಿದಿರುತ್ತದೆ, ಗ್ರೂಪ್ ಫೋಟೋಗೆ ಕರೆಯುವವರು ಎಲೆಯ ಮುಂದೆಯೇ ಬಂದು ನಿಂತಿರುತ್ತಾರೆ. ಈಗ ಕ್ಯಾಮೆರಾ ಹೆಗಲಿಗೇರಿಸಿ ಮದುವೆಗಳಿಗೆ ಹೊರಟಿರುವ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು ಲೆನ್ಸಿನ ವಿಚಾರ ಕೇಳುತ್ತಾರೆ. ಲೆನ್ಸಿನ ವಿಚಾರ ಅವರಿಗೇ ನನಗಿಂತ ಚೆನ್ನಾಗಿ ಗೊತ್ತು. ನನಗೆ ಗೊತ್ತಿರುವುದು ಹೊಟ್ಟೆಯ ವಿಚಾರ ಮತ್ತು ಜನರ ವಿಚಾರ. ಅದನ್ನೇ ಬರೆಯುತ್ತೇನೆ.

ನಾನು ನಂಜನಗೂಡಿನ ಕಡೆಯವನು. ಮುಂಬಯಿಗೆ ಬಂದದ್ದು ಬ್ಯಾಂಕಿನ ಪರೀಕ್ಷೆ ಬರೆಯಲು. ಘಾಟ್ಕೋಪರಿನಲ್ಲಿ ಚಿಕ್ಕಪ್ಪನ ಮನೆಯಿತ್ತು. ಚಿಕ್ಕಪ್ಪ ಫೋರ್ಟಿನ ಕಚೇರಿಯೊಂದರಲ್ಲಿ ಗುಮಾಸ್ತರು, ನಾನೂ ಗುಮಾಸ್ತನಾಗಬೇಕೆಂದು ಅವರ ಆಸೆ. ಅರ್ಜಿಗೆ ಅಂಟಿಸುವ ಫೋಟೋ ತೆಗೆಸಲು ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಒಂದು ಸ್ಟುಡಿಯೋಗೆ ಹೋದೆ. ಆ ಹೊತ್ತಿಗೆ ಅಲ್ಲಿ ಮಗುವೊಂದು ಅಳುತ್ತಿತ್ತು, ಮಾಲೀಕರು ಒಂದು ಕೈಯಲ್ಲಿ ಗಿಲಕಿ ಆಡಿಸುತ್ತ ಇನ್ನೊಂದು ಕೈಯಲ್ಲಿ ಕ್ಯಾಮೆರಾ ಹಿಡಿದು ಒದ್ದಾಡುತ್ತಿದ್ದರು. ನಾನು ಗಿಲಕಿ ತೆಗೆದುಕೊಂಡೆ. ಮಗು ನಕ್ಕಿತು. ಬ್ಯಾಂಕಿನ ಪರೀಕ್ಷೆಯಲ್ಲಿ ನಾನು ಫೇಲಾದೆ, ಆದರೆ ಆ ಸ್ಟುಡಿಯೋ ಮಾತ್ರ ನನ್ನನ್ನು ನಿವೃತ್ತಿಯವರೆಗೆ ಬಿಡಲಿಲ್ಲ.

ಮಾಲೀಕರ ಹೆಸರು ಕಾಂತಿಭಾಯಿ. ಗುಜರಾತಿನವರು, ಗಿಡ್ಡ ಆಳು, ದೊಡ್ಡ ದನಿ. ಡಾರ್ಕ್ ರೂಮಿನ ದ್ರಾವಣದಲ್ಲಿ ವರ್ಷಗಟ್ಟಲೆ ಅದ್ದಿ ಅದ್ದಿ ಅವರ ಬಲಗೈಯ ಉಗುರುಗಳು ಕಪ್ಪಾಗಿ ಹೋಗಿದ್ದವು. ನಿಂಬೆಹಣ್ಣು ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಅವರ ಹೆಂಡತಿ ಮಂಜುಬೆನ್ ಆ ಕೈಯಲ್ಲಿ ಅಡುಗೆಮನೆಯ ಡಬ್ಬಿ ಮುಟ್ಟಲು ಬಿಡುತ್ತಿರಲಿಲ್ಲವಂತೆ.

ಕಾಂತಿಭಾಯಿಯದು ಒಂದೇ ಸಿದ್ಧಾಂತ. “ಶಾದಿ ಸಬ್ ಏಕ್ ಹೈ, ಮೂರ್ತಿ. ಸಿರ್ಫ್ ಮಿಠಾಯಿ ಅಲಗ್.” ಯಾರ ಮದುವೆಯಾದರೂ ಒಂದೇ, ಸಿಹಿತಿಂಡಿ ಮಾತ್ರ ಬೇರೆ. ಹಾಗಾಗಿ ನಮ್ಮ ಅಂಗಡಿಯ ಕ್ರಮವೂ ಒಂದೇ: ಕನ್ನಡಿಯ ಮುಂದೆ ಮದುಮಗಳು, ಹಾರ ಹಾಕುವುದು, ಮಂಗಲಸೂತ್ರ, ಆಮೇಲೆ ಸಾಲುಸಾಲಾಗಿ ಗ್ರೂಪ್ ಫೋಟೋ. ಮಂಗಲಸೂತ್ರ ಮಿಸ್ಸಾದರೆ ಮದುವೆಯೇ ಮಿಸ್ಸು ಎಂದು ಹೇಳಿ ನನ್ನನ್ನು ಕಳಿಸುತ್ತಿದ್ದರು. ಫಿಲ್ಮ್ ದುಬಾರಿ. ಒಂದು ಸಂಗತಿಗೆ ಒಂದು ಕ್ಲಿಕ್, ಎರಡನೆಯದಕ್ಕೆ ಕಾರಣ ಕೊಡಬೇಕು.

ಈ ಸಿದ್ಧಾಂತ ಹಿಡಿದುಕೊಂಡು ಹೋಗಿ ನಾನು ಪಟ್ಟ ಪಾಡು ಒಂದೆರಡಲ್ಲ. ದಾದರಿನಲ್ಲಿ ಮರಾಠಿ ಮದುವೆ: ವಧೂವರರ ನಡುವೆ ಬಟ್ಟೆ ಅಡ್ಡ ಹಿಡಿದಿರುತ್ತಾರೆ, ಮಂತ್ರ ಮುಗಿದೊಡನೆ ಅದು ಸರಕ್ಕನೆ ಸರಿಯುತ್ತದೆ. ಆಗ ಆ ಇಬ್ಬರ ಮುಖದಲ್ಲಿ ಬರುವ ಕಳೆ ಇದೆಯಲ್ಲ, ಅದೇ ಫೋಟೋ. ನಾನು ಹಾರಕ್ಕೆ ಕಾಯುತ್ತ ಅದನ್ನು ಕಳೆದುಕೊಂಡೆ. ಕೇರಳದವರ ಮದುವೆಯಲ್ಲಿ ನಾನು ಫ್ಲ್ಯಾಶ್ ಸಿಕ್ಕಿಸಿ ತಲೆಯೆತ್ತುವಷ್ಟರಲ್ಲಿ ತಾಳಿ ಕಟ್ಟಿ ಆಗಿತ್ತು, ಜನ ಪಾಯಸದ ಕಡೆ ಹೊರಟಿದ್ದರು. ಒಂದು ನಿಕಾಹ್‌ನಲ್ಲಿ ಮದುಮಗಳು ಒಂದು ಕೋಣೆಯಲ್ಲಿ, ಮದುಮಗ ಇನ್ನೊಂದು ಕೋಣೆಯಲ್ಲಿ. ಅಲ್ಲಿಗೆ ಓಡಿದಾಗ ಇಲ್ಲಿ “ಕಬೂಲ್” ಎಂದು ಒಪ್ಪಿಯಾಗಿತ್ತು, ಇಲ್ಲಿಗೆ ಓಡಿ ಬಂದಾಗ ಅಲ್ಲಿ ಆಗಿತ್ತು. ಮಂಜುಬೆನ್ ಅವರ ಸಂಬಂಧಿಕರ ಮದುವೆಯಲ್ಲಂತೂ ಬಾಗಿಲಲ್ಲಿ ಆರತಿ ಎತ್ತುತ್ತಿದ್ದ ಅತ್ತೆ ಇದ್ದಕ್ಕಿದ್ದಂತೆ ಅಳಿಯನ ಮೂಗು ಹಿಡಿದು ಎಳೆದುಬಿಟ್ಟರು. ಜಗಳ ಶುರುವಾಯಿತೆಂದು ಗಾಬರಿಯಾಗಿ ನಾನು ಹಿಂದೆ ಸರಿದೆ. ಅದು ಅವರ ಪದ್ಧತಿ: ನಮ್ಮ ಮಗಳನ್ನು ಒಯ್ಯುವವನು ಮೊದಲು ಮೂಗು ಕೊಡಲಿ ಎಂಬ ಲೆಕ್ಕ. ಅಳಿಯ ತಪ್ಪಿಸಿಕೊಳ್ಳುತ್ತಾನೆ, ಅತ್ತೆ ಬಿಡುವುದಿಲ್ಲ, ಗೆಳೆಯರು ಅಡ್ಡ ಬರುತ್ತಾರೆ. ಫೋಟೋ ಬೇಕಾದರೆ ಕ್ಯಾಮೆರಾವನ್ನು ಮೂಗಿನ ಮಟ್ಟಕ್ಕೆ ಹಿಡಿದು ಕಾಯಬೇಕು.

ಪ್ರತಿ ಸಲ ಬೈಸಿಕೊಂಡೆ, ಪ್ರತಿ ಸಲ ಕಲಿತೆ. ಮದುವೆಗೆ ಮುಂಚೆ ಆ ಮನೆಯ ಮುದುಕಿಯರ ಪಕ್ಕ ಕುಳಿತು ಚಹಾ ಕುಡಿಯುವ ಅಭ್ಯಾಸ ಮಾಡಿಕೊಂಡೆ. “ಯಾವ ಹೊತ್ತಿಗೆ ನಿಮಗೆ ಅಳು ಬರುತ್ತೆ?” ಎಂದು ಕೇಳಿದರೆ ಸಾಕು, ಎಲ್ಲಿ ಕ್ಲಿಕ್ ಮಾಡಬೇಕೆಂದು ತಿಳಿದುಹೋಗುತ್ತಿತ್ತು. ಹೀಗೆ ಮುಂಬಯಿಯ ಎಲ್ಲರ ಮದುವೆಯನ್ನೂ ಕೇಳಿ ಕಲಿತ ನಾನು ಕೇಳದೆ ಹೋದದ್ದು ನಮ್ಮವರನ್ನು ಮಾತ್ರ. ಕನ್ನಡದವರ ಮದುವೆ ಎಂದರೆ ನನಗೆ ಗೊತ್ತಿಲ್ಲದ್ದು ಏನಿರುತ್ತದೆ ಎಂಬ ಧಿಮಾಕು.

ಎಂಬತ್ತೆರಡೋ ಎಂಬತ್ತಮೂರೋ ಇರಬೇಕು. ಫೋರ್ಟಿನ ಗಲ್ಲಿಯೊಂದರಲ್ಲಿ ಪುಟ್ಟ ಹೋಟೆಲು ನಡೆಸುತ್ತಿದ್ದ ವಿಠಲ ಶೆಟ್ಟರ ದೊಡ್ಡ ಮಗಳು ಸುಜಾತಾಳ ಮದುವೆ, ಘಾಟ್ಕೋಪರಿನ ಒಂದು ಮದುವೆ ಹಾಲ್‌ನಲ್ಲಿ. ಚಿಕ್ಕಪ್ಪ ದಿನಾ ಅಲ್ಲಿ ತಿಂಡಿ ತಿನ್ನುವವರಾದ್ದರಿಂದ ಕೆಲಸ ನಮಗೆ ಬಂತು. ಓಡಾಟವೆಲ್ಲ ಹುಡುಗಿಯ ಸೋದರಮಾವ ಜಯರಾಮಣ್ಣನದು. ಆಜಾನುಬಾಹು ಮನುಷ್ಯ, ಸಣ್ಣ ವಿಷಯಕ್ಕೂ ಬೆವರುವವರು. ಅವರ ತಾಯಿ, ಎಂದರೆ ಮದುಮಗಳ ಅಜ್ಜಿ, ಕಾರ್ಕಳದ ಹತ್ತಿರದ ಊರಿನಲ್ಲಿದ್ದರು. ಬಸ್ಸಿನಲ್ಲಿ ಕೂತು ಮುಂಬಯಿಗೆ ಬರುವ ಶಕ್ತಿ ಇರಲಿಲ್ಲ. ಬದಲಿಗೆ ಮನೆಯ ಕಂಚಿನ ಗಿಂಡಿಯನ್ನು ಮಗನ ಕೈಯಲ್ಲಿ ಕಳಿಸಿದ್ದರು, ಧಾರೆ ಎರೆಯಲು.

ಬೆಳಿಗ್ಗೆಯೇ ಜಯರಾಮಣ್ಣ ನನ್ನನ್ನು ಮೂಲೆಗೆ ಕರೆದರು. “ನೋಡಿ ಮಾರಾಯ್ರೆ, ಧಾರೆಯದ್ದು ಒಂದು ಚಂದ ಫೋಟೋ ಬೇಕು. ಬೊಂಬಾಯಿಯಲ್ಲಿ ಎಲ್ಲರದ್ದೂ ಒಂದೇ ನಮೂನೆ ಮದುವೆ, ನಮ್ಮ ಕ್ರಮ ಅಲ್ಲಿ ಯಾರಿಗುಂಟು ಅಂತ ಅಮ್ಮನದ್ದು ಒಂದೇ ಹಠ. ಫೋಟೋ ನೋಡಿದ್ರೆ ಮಾತ್ರ ನಂಬುವುದಂತೆ.”

“ಗೊತ್ತು ಬಿಡಿ, ನಮ್ಮಲ್ಲೂ ಧಾರೆ ಇದೆ” ಎಂದೆ.

ಇದೆ, ನಿಜ. ಆದರೆ ನಮ್ಮ ಕಡೆ ಅಪ್ಪ ಅಮ್ಮ ಸಮಾಧಾನದಿಂದ ಧಾರೆ ಎರೆಯುತ್ತಾರೆ; ಆಮೇಲೆ ಗಟ್ಟಿಮೇಳ ಬಾರಿಸುತ್ತಾರೆ, ತಾಳಿ ಕಟ್ಟುತ್ತಾರೆ. ಗಟ್ಟಿಮೇಳ ಎಂದರೆ ಫೋಟೋಗ್ರಾಫರನಿಗೆ ದೇವರೇ ಬಾರಿಸಿದ ಗಂಟೆ. ಅಲ್ಲಿಯವರೆಗೆ ಸಮಯವಿದೆಯೆಂದು ನಾನು ಮಂಟಪದ ಪಕ್ಕ ಕುಳಿತು ರೋಲ್ ಬದಲಿಸತೊಡಗಿದೆ. ಫಕ್ಕನೆ ವಾಲಗ ಜೋರಾಯಿತು. ತಲೆಯೆತ್ತಿ ನೋಡಿದರೆ ಕುಟುಂಬಕ್ಕೆ ಕುಟುಂಬವೇ ಎದ್ದು ಮಂಟಪಕ್ಕೆ ನುಗ್ಗಿದೆ! ಆ ಮನೆಯ ಕ್ರಮದಲ್ಲಿ ಧಾರೆಯೇ ಮದುವೆ. ಹತ್ತಿರದವರೆಲ್ಲ ಗಿಂಡಿಗೆ ಕೈ ತಾಗಿಸಬೇಕು, ಗಿಂಡಿ ಸಿಗದವರು ತಾಗಿಸಿದವರ ಕೈ ಮುಟ್ಟಬೇಕು, ಎಲ್ಲರೂ ಸೇರಿ ಒಂದೇ ಸಲ ಹುಡುಗಿಯನ್ನು ಕೊಡುವುದು. ನನಗೆ ಕಂಡದ್ದು ಬೆನ್ನುಗಳು ಮಾತ್ರ. ನನ್ನ ಕ್ಯಾಮೆರಾದ ಹಿಂಬಾಗಿಲು ಬಾಯಿ ತೆರೆದುಕೊಂಡೇ ಇತ್ತು.

ಬೆನ್ನುಗಳು ಸರಿದಾಗ ಎಲ್ಲ ಮುಗಿದಿತ್ತು. ನಾನು ರೋಲ್ ಸಿಕ್ಕಿಸಿ, ಮುಂದೆ ಬಂದು, ನಗುನಗುತ್ತ ಹೇಳಿದೆ: “ಸ್ವಲ್ಪ ಇನ್ನೊಮ್ಮೆ ಎರೀರಿ. ಫೋಟೋಗೆ.”

ವಾಲಗದವರೂ ನಿಲ್ಲಿಸಿಬಿಟ್ಟರು.

“ಎಂತ ಹೇಳಿದ್ದು?” ಜಯರಾಮಣ್ಣನ ಮುಖ ಕೆಂಪಾಗಿತ್ತು. “ಇನ್ನೊಮ್ಮೆಯಾ? ಹೆಣ್ಣು ಎಂತ ನಿಮ್ಮ ಫಿಲ್ಮಾ, ಮುಗಿದ್ರೆ ಇನ್ನೊಂದು ಹಾಕ್ಲಿಕ್ಕೆ?”

ಅವರು ನನ್ನ ಕಡೆ ಒಂದು ಹೆಜ್ಜೆ ಇಟ್ಟದ್ದನ್ನು ಕಂಡು ವಿಠಲ ಶೆಟ್ಟರು ನನ್ನ ರಟ್ಟೆ ಹಿಡಿದು ಸೀದಾ ಊಟದ ಹಾಲಿಗೆ ಕರೆದೊಯ್ದು ಮೊದಲ ಪಂಕ್ತಿಯಲ್ಲಿ ಕೂರಿಸಿದರು. “ಊಟ ಮಾಡಿ. ಎಲೆಯ ಮುಂದೆ ಕೂತವನಿಗೆ ನನ್ನ ಭಾವ ಹೊಡೆಯುವುದಿಲ್ಲ” ಎಂದರು. ಮೊದಲ ಪಂಕ್ತಿಯ ಮಹತ್ವ ನನಗೆ ತಿಳಿದದ್ದು ಹಾಗೆ.

ಮರುದಿನ ಕಾಂತಿಭಾಯಿಗೆ ವರದಿ ಒಪ್ಪಿಸಿದೆ. “ಮಂಗಲಸೂತ್ರ ಮಿಲಾ ನಾ? ಬಸ್” ಎಂದರು. ಸಿಕ್ಕಿತ್ತು. ಆದರೆ ಆಲ್ಬಮ್ ಊರಿಗೆ ಹೋಗಿ ಬಂದ ಮೇಲೆ ಜಯರಾಮಣ್ಣ ಅಂಗಡಿಗೆ ಬಂದು ಕುಳಿತರು. ಅಜ್ಜಿ ಪುಟಪುಟ ಮಗುಚಿ ನೋಡಿ, ಧಾರೆ ಎಲ್ಲಿ ಎಂದು ಕೇಳಿ, ಆಲ್ಬಮ್ ಮುಚ್ಚಿಟ್ಟರಂತೆ. “ನೀವು ಬೊಂಬಾಯಿ ಮದುವೆ ಮಾಡಿದ್ದು” ಎಂದರಂತೆ. ಜಯರಾಮಣ್ಣನ ಕಣ್ಣಲ್ಲಿ ನೀರಿತ್ತು. ನನಗೂ ಸಂಕಟವಾಯಿತು. ಅಷ್ಟು ಜನ ಕೈ ತಾಗಿಸಿದ್ದು ಸುಳ್ಳಾಗಿ ಹೋಯಿತಲ್ಲ.

ಅಲ್ಲಿಂದ ಮುಂದೆ ವರ್ಷಕ್ಕೊಮ್ಮೆ ಅವರು ಊರಿಗೆ ಹೋಗಿ ತಾಯಿಯ ಹತ್ತಿರ ಬೈಸಿಕೊಳ್ಳುವರು, ಬಂದು ನನಗೆ ಬೈಯುವರು, ಬೈದು ಮುಗಿಸಿ ಚೀಲದಿಂದ ಹಲಸಿನ ಹಪ್ಪಳದ ಕಟ್ಟು ತೆಗೆದು ಕೊಡುವರು. ಹೀಗೆ ನಾವು ಸ್ನೇಹಿತರಾದೆವು. ಕಾಂತಿಭಾಯಿಗೆ ಹಪ್ಪಳದ ಮೇಲೆ ಪ್ರಾಣ. ಜಯರಾಮಣ್ಣ ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ “ಆವೋ ಆವೋ, ಗಾಲಿ ಬಾದ್ ಮೇ, ಪಾಪಡ್ ಪೆಹಲೇ” ಎನ್ನುತ್ತಿದ್ದರು. ಬೈಗುಳ ಆಮೇಲೆ, ಹಪ್ಪಳ ಮೊದಲು.

ಅಷ್ಟರಲ್ಲಿ ವೀಡಿಯೋ ಬಂತು. ಇಬ್ಬರು ಹೊರುವಷ್ಟು ಸಾಮಾನು, ಕಣ್ಣು ಕುಕ್ಕುವ ದೊಡ್ಡ ದೀಪ. ಮದುವೆಯ ಯಜಮಾನರು ಯಾರೇ ಇರಲಿ, ಹುಕುಂ ಮಾತ್ರ ವೀಡಿಯೋದವನದು. “ಆಂಟಿ, ಏಕ್ ಬಾರ್ ಫಿರ್ ಸೇ” ಎಂದರೆ ಆಂಟಿ ಮತ್ತೆ ಆರತಿ ಎತ್ತುವಳು. ಪುರೋಹಿತರೇ ಮಂತ್ರ ನಿಲ್ಲಿಸಿ ಜನಿವಾರ ಸರಿಮಾಡಿಕೊಂಡು ಲೆನ್ಸಿನ ಕಡೆ ತಿರುಗುವರು. ಕಟ್ಟಿದ ತಾಳಿ ಬಿಚ್ಚಿ ಮತ್ತೆ ಕಟ್ಟಿಸಿದ್ದನ್ನು ನಾನೇ ಕಂಡಿದ್ದೇನೆ. ಯಾರ ಮದುವೆಗೆ ಹೋದರೂ ಅದೇ ಕೆಂಪು ಸಿಂಹಾಸನ, ಅದೇ ಕೇಕು, ಅದೇ ಹೃದಯದಾಕಾರದ ಚೌಕಟ್ಟಿನೊಳಗೆ ತೇಲಿ ಬರುವ ಗಂಡುಹೆಣ್ಣು. ಮರಾಠಿಯವರ ಮದುವೆಯಲ್ಲಿ ಬಟ್ಟೆ ಹಿಡಿಯುವವರು ಕ್ಯಾಮೆರಾಕ್ಕೆ ಅಡ್ಡವಾಗುತ್ತದೆಂದು ಅದನ್ನು ಸೊಂಟದ ಮಟ್ಟಕ್ಕೆ ಇಳಿಸಿದ್ದರು. ವಧೂವರರು ಮೊದಲಿನಿಂದಲೇ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿರುತ್ತಿದ್ದರು. ಯಾರೂ ಯಾರನ್ನೂ ಬಲವಂತ ಮಾಡಿದ್ದಲ್ಲ. ಪಕ್ಕದ ಬಿಲ್ಡಿಂಗಿನವರ ಕ್ಯಾಸೆಟ್ಟಿನಲ್ಲಿದ್ದದ್ದು ನಮ್ಮದರಲ್ಲೂ ಇರಲಿ ಎಂಬ ಆಸೆ, ಅಷ್ಟೆ.

ಕಾಂತಿಭಾಯಿ ಮಾತ್ರ ಗೆದ್ದವರಂತೆ ಕುಣಿದರು. “ದೇಖಾ? ಸಬ್ ಏಕ್ ಹೋ ಗಯಾ. ಅಬ್ ತೋ ಮಿಠಾಯಿ ಭೀ ಏಕ್!” ನನಗೆ ಬೇಜಾರಾಯಿತು. ಮುದುಕಿಯರ ಪಕ್ಕ ಕುಳಿತು ನಾನು ಕಲಿತದ್ದೆಲ್ಲ ರದ್ದಿಗೆ ಹಾಕುವುದೇ ಎನಿಸಿತು.

ತೊಂಬತ್ತರ ಆಚೆ ಒಂದು ದಿನ ಜಯರಾಮಣ್ಣ ಬಂದರು. ಬೈಯಲಿಲ್ಲ. ವಿಠಲ ಶೆಟ್ಟರ ಎರಡನೆಯ ಮಗಳು ವೀಣಾಳ ಮದುವೆ ನಿಶ್ಚಯವಾಗಿತ್ತು. ಅವಳು ಮುಂಬಯಿಯಲ್ಲೇ ಹುಟ್ಟಿ ಬೆಳೆದು ಫೋರ್ಟಿನಲ್ಲಿ ಕೆಲಸಕ್ಕೆ ಹೋಗುವ ಹುಡುಗಿ. ಕನ್ನಡ ಮಾತಾಡಲು ಶುರುಮಾಡಿದರೆ ಅರ್ಧಕ್ಕೇ ಹಿಂದಿಯ ಗಾಡಿ ಹತ್ತುವವಳು. ಹುಡುಗ ಪ್ರಕಾಶ, ಅದೇ ಕಡೆಯವನು. ಅವನ ಮನೆಯವರು ದೊಡ್ಡ ವೀಡಿಯೋ ಪಾರ್ಟಿ ಗೊತ್ತು ಮಾಡಿದ್ದರು.

“ಅಮ್ಮನ ಕಣ್ಣು ಮಂಜಾಗ್ತಾ ಬಂತು” ಎಂದರು ಜಯರಾಮಣ್ಣ. “ಇದು ಕಡೆಯ ಮೊಮ್ಮಗಳು. ಈ ಸಲವೂ ಧಾರೆಯ ಫೋಟೋ ಇಲ್ಲದಿದ್ರೆ ನಾನು ಊರಿಗೆ ಹೋಗುವ ಹಾಗಿಲ್ಲ ಮೂರ್ತಿಯವರೆ. ಅವರು ಹಾಗೇ ಹೋಗಿಬಿಡ್ತಾರೆ, ಬೊಂಬಾಯಿಯಲ್ಲಿ ನನ್ನ ಮಕ್ಕಳು ಎಲ್ಲರ ಹಾಗೆ ಆದ್ರು ಅಂತ.”

ಈ ಸಲ ನಾನು “ಗೊತ್ತು” ಎನ್ನಲಿಲ್ಲ. ಮುಂಚಿನ ಭಾನುವಾರ ಘಾಟ್ಕೋಪರಿಗೆ ಹೋಗಿ ಶೆಟ್ಟರ ಮನೆಯಲ್ಲಿ ತಾಲೀಮು ನಡೆಸಿದೆ. ಗಿಂಡಿ ಮುಟ್ಟಲು ಜಯರಾಮಣ್ಣ ಬಿಡಲಿಲ್ಲ, ತಮಾಷೆಗೂ ಧಾರೆ ಕೂಡದು. ಹಾಗಾಗಿ ಹೋಟೆಲಿನ ಚಹಾದ ಕಿಟ್ಲಿ ಹಿಡಿದು ಶೆಟ್ಟರ ಮನೆಯವರೆಲ್ಲ ಬಕೆಟ್ಟಿನ ಸುತ್ತ ಮುಗಿಬಿದ್ದರು. ನಾನು ಮುಂದೆ ನಿಂತೆ, ಕುರ್ಚಿ ಹತ್ತಿದೆ, ಅಡ್ಡ ಬಂದೆ. ಎಲ್ಲಿ ನಿಂತರೂ ಬೆನ್ನುಗಳೇ. ಕೊನೆಗೆ ಹುಡುಗಿಯ ತಾಯಿಯ ಎಡಭುಜದ ಹಿಂದೆ ಸ್ಟೂಲ್ ಹಾಕಿ ಹತ್ತಿದಾಗ ಕಿಟ್ಲಿಯ ಮೂತಿ ಕಂಡಿತು. ವೀಣಾ ನಕ್ಕೂ ನಕ್ಕೂ ನೆಲದ ಮೇಲೆ ಕುಳಿತುಬಿಟ್ಟಳು.

ಮದುವೆಯ ದಿನ ನಮ್ಮ ಲೈಟ್ ಹಿಡಿಯುವವನು ಜ್ವರ ಎಂದು ಬರಲಿಲ್ಲ. ಕಾಂತಿಭಾಯಿ ತಾವೇ ಲೋಕಲ್ ಹತ್ತಿ ಬಂದರು. ಕೋಲಿಗೆ ಕಟ್ಟಿದ ಎರಡನೆಯ ಫ್ಲ್ಯಾಶನ್ನು ಹಿಡಿದು ಮಂಟಪದ ಆ ಕಡೆ ನಿಂತರು. ನನ್ನ ಕ್ಯಾಮೆರಾದ ಫ್ಲ್ಯಾಶ್ ಮಿಂಚಿದರೆ ಅದೂ ಮಿಂಚುತ್ತದೆ. ನಾನು ಮುಂಚೆಯೇ ಸ್ಟೂಲ್ ಹತ್ತಿ ಗಿಂಡಿಗೆ ಫೋಕಸ್ ಮಾಡಿ ಉಸಿರು ಹಿಡಿದು ನಿಂತೆ. ವಾಲಗ ಜೋರಾಯಿತು. ಕುಟುಂಬ ನುಗ್ಗಿತು. ವೀಡಿಯೋದವನು ಇನ್ನೊಂದು ದೊಡ್ಡ ದೀಪ ಹಾಕಿದ. ಟಪ್ ಎಂದು ಫ್ಯೂಸ್ ಹೋಗಿ ಇಡೀ ಹಾಲ್ ಕತ್ತಲಾಯಿತು, ವಾಲಗವೂ ನಿಂತಿತು.

ಗಿಂಡಿ ಬಾಗಿತ್ತು. ನೀರು ಬೀಳುವ ಸಣ್ಣ ಸದ್ದು ಕೇಳಿಸಿತು. ನಾನು ಒತ್ತಿದೆ. ಮಿಂಚು ಹೊಡೆಯಿತು, ಆ ಕಡೆಯಿಂದ ಕಾಂತಿಭಾಯಿಯ ಫ್ಲ್ಯಾಶೂ ಹೊಡೆಯಿತು. ಫ್ಲ್ಯಾಶ್ ಮತ್ತೆ ತುಂಬಿಕೊಳ್ಳುವುದರೊಳಗೆ ಧಾರೆ ಮುಗಿದಿತ್ತು.

ದೀಪ ಬಂದಾಗ ವೀಡಿಯೋದವನು ಬೆವರು ಒರೆಸಿಕೊಂಡು ಹೇಳಿದ: “ಕೋಯಿ ಬಾತ್ ನಹೀ. ಏಕ್ ಬಾರ್ ಫಿರ್ ಸೇ ಪಾನಿ ಡಾಲಿಯೇ.”

ನಾನು ಜಯರಾಮಣ್ಣನ ಕಡೆ ನೋಡಿದೆ. ಈಗ ಇವನಿಗೆ ಬಿತ್ತು ಎಂದುಕೊಂಡೆ. ಆದರೆ ಜಯರಾಮಣ್ಣ ಬೀಗರ ಮುಖ ನೋಡಿದರು, ತಲೆ ಕೆರೆದುಕೊಂಡರು. “ಆಗ್ಲಿ ಮಾರಾಯ್ರೆ. ಈಗ ಎಲ್ಲ ಕಡೆ ಹಾಗೇ ಅಲ್ವಾ. ಸ್ವಲ್ಪ ನೀರು ಬಿಟ್ರಾಯ್ತು.” ಗಿಂಡಿಗೆ ನೀರು ತುಂಬಲು ಯಾರೋ ಚೊಂಬು ತಂದರು.

“ಮಾಮ, ರುಕೋ.”

ವೀಣಾ. ತಲೆ ತಗ್ಗಿಸಿ ಕೂತಿದ್ದವಳು ತಲೆ ಎತ್ತಿದ್ದಳು. “ಏಕ್ ಬಾರ್ ದೇ ದಿಯಾ ನಾ? ಒಮ್ಮೆ ಕೊಟ್ಟು ಆಯ್ತು. ಈಗ ಮತ್ತೆ ಕೊಡ್ಲಿಕ್ಕೆ ನಾನು ನಿಮ್ಮ ಹತ್ರ ಎಲ್ಲಿದ್ದೇನೆ? ಇವರ ಹತ್ರ ಇದ್ದೇನೆ.”

ಪ್ರಕಾಶ ನಾಚಿಕೊಂಡು ನಕ್ಕ. ಅವನ ಅಜ್ಜ “ಹುಡುಗಿ ಹೇಳಿದ್ದು ಹೌದು” ಎಂದು ಮೊಣಕಾಲು ತಟ್ಟಿದರು. ಜಯರಾಮಣ್ಣ ಚೊಂಬನ್ನು ಹಿಂದಕ್ಕೆ ಕೊಟ್ಟು ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡರು. ನಮ್ಮ ಪದ್ಧತಿಗಳಿಗೆ ಈಗ ಬೆಲೆ ಕೊಡುವವರು ಉಳಿದಿದ್ದಾರೆಯೇ ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಈ ಹುಡುಗಿ. ಊರಿನಿಂದ ಬಂದವರು ಬಿಟ್ಟುಕೊಡಲು ಹೊರಟಿದ್ದನ್ನು ಇಲ್ಲೇ ಹುಟ್ಟಿದವಳು ಬಿಡಲಿಲ್ಲ.

ಆದರೆ ವೀಡಿಯೋದಲ್ಲಿ ಕತ್ತಲೆ ಮಾತ್ರ. ಇರುವುದು ನಾನು ಕತ್ತಲಲ್ಲಿ ಒತ್ತಿದ ಒಂದೇ ಒಂದು ಕ್ಲಿಕ್. ಅದೂ ಕೈಕೊಟ್ಟರೆ ಅಜ್ಜಿಗೆ ತೋರಿಸಲು ಏನೂ ಇಲ್ಲ. ಆ ದಿನ ಮೊದಲ ಪಂಕ್ತಿಯಲ್ಲಿ ಕೂತರೂ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಲ್ಯಾಬಿನಿಂದ ಪ್ರಿಂಟ್ ಬಂದಾಗ ಲಕೋಟೆ ತೆರೆಯಲು ನನಗೆ ಧೈರ್ಯವಾಗದೆ ಕಾಂತಿಭಾಯಿಯ ಕೈಗೆ ಕೊಟ್ಟೆ. ಅವರು ಒಂದೊಂದೇ ತೆಗೆದು ನೋಡುತ್ತ ಹೋದವರು ಒಂದರಲ್ಲಿ ನಿಂತರು. ನಾನು ಇಣುಕಿ ನೋಡಿದೆ. ಸುತ್ತ ಕತ್ತಲು, ನಡುವೆ ಬೆಳಗುವ ಕಂಚಿನ ಗಿಂಡಿ, ಅದರ ಮೂತಿಯಿಂದ ಇಳಿದ ನೀರಿನ ಎಳೆ, ಸುತ್ತ ಮೆತ್ತಿಕೊಂಡ ಕೈಗಳು. ನನ್ನ ಇಡೀ ವೃತ್ತಿಯಲ್ಲಿ ಅಂಥ ಇನ್ನೊಂದು ಫೋಟೋ ನಾನು ತೆಗೆದಿಲ್ಲ. ಆ ಕೈಗಳ ನಡುವೆ ಉಗುರೆಲ್ಲ ಕಪ್ಪಾದ ಒಂದು ಬಲಗೈ ಇತ್ತು.

“ಸೇಠ್, ಇದು ನಿಮ್ಮದಲ್ಲವೆ?”

ಕಾಂತಿಭಾಯಿ ಕೆಮ್ಮಿದರು. ತಾವು ಮಂಟಪದ ಅಂಚಿನಲ್ಲೇ ನಿಂತಿದ್ದರಂತೆ, ನೂಕುನುಗ್ಗಲಿನಲ್ಲಿ ಜಯರಾಮಣ್ಣ “ಹಾತ್ ಲಗಾವೋ ಸೇಠ್” ಎಂದು ಕೈ ಎಳೆದು ಗಿಂಡಿಗೆ ಇಟ್ಟರಂತೆ. ಎಡಗೈಯಲ್ಲಿ ಕೋಲು, ಬಲಗೈ ಗಿಂಡಿಯ ಮೇಲೆ. “ಕೈಸೇ ಮನಾ ಕರತಾ? ಲಡ್ಕೀ ಕಾ ಮಾಮಲಾ ಥಾ” ಎಂದರು. ಹುಡುಗಿಯ ವಿಷಯ, ಬೇಡವೆನ್ನುವುದು ಹೇಗೆ ಎಂಬುದು ಅವರ ವಾದ.

ಜಯರಾಮಣ್ಣ ಫೋಟೋ ಹಿಡಿದುಕೊಂಡು ಊರಿಗೆ ಹೋಗಿ ಬಂದರು. ಅಂಗಡಿಯಲ್ಲಿ ಕುಳಿತು, ಬೆವರು ಒರೆಸಿಕೊಂಡು, ನಡೆದದ್ದನ್ನು ಹೇಳಿದರು. ಅಜ್ಜಿ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೂಗಿಗೆ ತಾಗುವಷ್ಟು ಹತ್ತಿರ ತಂದು, ಮುಖಗಳನ್ನು ಬಿಟ್ಟು ಕೈಗಳನ್ನೇ ನೋಡಿದರಂತೆ. ಇದು ನನ್ನ ಮಗಳ ಬಳೆ. ಇದು ನಿನ್ನ ದಪ್ಪ ಬೆರಳು. ಇದು ಸುಜಾತಾಳದ್ದು. ಬೆರಳಿಟ್ಟು ಬೆರಳಿಟ್ಟು ಗುರುತು ಹಿಡಿದರಂತೆ. ಆಮೇಲೆ, “ಈ ಕರಿ ಉಗುರಿನ ಕೈ ಯಾರದ್ದು?”

“ಹೆದರಿ ಹೋದೆ ಮಾರಾಯ್ರೆ” ಎಂದರು ಜಯರಾಮಣ್ಣ. “ಹೊರಗಿನವರ ಕೈ ಸೇರಿಸಿದ್ದಕ್ಕೆ ಇನ್ನೊಂದು ಹತ್ತು ವರ್ಷ ಬೈಗುಳ ಅಂತ ಗ್ರಹಿಸಿದೆ. ಫೋಟೋ ಅಂಗಡಿಯ ಗುಜರಾತಿ ಸೇಠಂದು ಅಂದೆ. ಅಮ್ಮ ಎಂತ ಹೇಳಿದ್ರು ಗೊತ್ತುಂಟಾ? ಗಿಂಡಿಗೆ ಕೈ ತಾಗಿಸಿದ ಮೇಲೆ ಅವನೂ ಹುಡುಗಿಯನ್ನು ಕೊಟ್ಟವನೇ. ಕೊಟ್ಟವನು ಮದುಮಕ್ಕಳನ್ನು ಮನೆಗೆ ಕರೆದು ಊಟ ಹಾಕ್ಬೇಕು. ಹಾಕಿದ್ದಾನಾ?”

ನಾನು ಹಿಂದಿಯಲ್ಲಿ ತಿಳಿಸಿದೆ. ಕಾಂತಿಭಾಯಿ ಹಪ್ಪಳ ಮುರಿಯುವುದನ್ನು ನಿಲ್ಲಿಸಿದರು. ನನ್ನ ಮುಖ ನೋಡಿದರು. ಆಮೇಲೆ ಫೋನಿನ ಕಡೆ ಕೈ ಚಾಚಿ ಮಂಜುಬೆನ್‌ಗೆ ಡಯಲ್ ಮಾಡಿದರು.

ಆ ಭಾನುವಾರ ಕಾಂತಿಭಾಯಿಯ ಮನೆಯಲ್ಲಿ ಊಟ. ವೀಣಾ ಮತ್ತು ಪ್ರಕಾಶ ಬಂದು ಹೊಸ್ತಿಲಲ್ಲಿ ನಿಂತರು. ಮಂಜುಬೆನ್ ಆರತಿ ಎತ್ತಿದರು. ಗಂಡ ಹುಡುಗಿಯನ್ನು ಕೊಟ್ಟವನಾದರೆ ತಾನು ಅತ್ತೆಯಲ್ಲವೆ! ಪ್ರಕಾಶ ನಮಸ್ಕಾರಕ್ಕೆ ಬಗ್ಗಿದ್ದೇ ತಡ, ಗಬಕ್ಕನೆ ಅವನ ಮೂಗು ಹಿಡಿದು ಎಳೆದರು. ಏನೂ ತಿಳಿಯದ ಪ್ರಕಾಶ “ಅಯ್ಯೋ” ಎಂದು ಕೂಗಿಕೊಂಡ. ವೀಣಾ ಬಾಗಿಲಿಗೆ ಒರಗಿ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕು ನಕ್ಕು ಕ್ಲಿಕ್ ಮಾಡುವುದನ್ನೇ ಮರೆತೆ. ನೆನಪಾಗುವಷ್ಟರಲ್ಲಿ ಮೂಗು ಬಿಟ್ಟಾಗಿತ್ತು.

“ಅಯ್ಯೋ, ಮಿಸ್ಸಾಯ್ತಲ್ಲ” ಎಂದೆ. ಇನ್ನೊಮ್ಮೆ ಎನ್ನಲು ನನಗೆ ನಾಲಿಗೆ ಏಳಲಿಲ್ಲ.

ಕಾಂತಿಭಾಯಿ ನನ್ನ ಭುಜ ತಟ್ಟಿದರು. “ಡರ್ ಮತ್, ಮೂರ್ತಿ. ಧಾರೆ ಉನ್ಕೀ ಹೈ, ಏಕ್ ಹೀ ಬಾರ್. ನಾಕ್ ಹಮಾರೀ ಹೈ, ಜಿತ್ನೀ ಬಾರ್ ಚಾಹಿಯೇ.” ಧಾರೆ ಅವರದು, ಒಂದೇ ಸಲ; ಮೂಗು ನಮ್ಮದು, ಬೇಕಾದಷ್ಟು ಸಲ. ಆಮೇಲೆ ಹೆಂಡತಿಯ ಕಡೆ ತಿರುಗಿ, ಇಷ್ಟು ವರ್ಷ ನನಗೆ ಕೊಡದಿದ್ದ ಅಪ್ಪಣೆಯನ್ನು ಕೊಟ್ಟರು: “ಏಕ್ ಬಾರ್ ಫಿರ್ ಸೇ!”